ಏಳನೇ ನಂಬರಿನ ಅತ್ತೆ

“ಏಳನೇ ನಂಬರ್ ಯಾರು ಗೊತ್ತಾ ಮೇಡಂ? ನಿಮ್ಮತ್ತೆ!”

“ಯಾರತ್ತೆ?”

“ನಿಮ್ದೇ ಮೇಡಂ. ನಿಮ್ಮ ಯಜಮಾನ್ರ ತಾಯಿ. ನಿಮ್ಗೇನು ಡಜನ್ ಅತ್ತೇರಿದಾರಾ?”

ಬೀಗದ ಮೇಡಂ ಫೋನನ್ನು ಕಿವಿಯಿಂದ ತೆಗೆದು ಅದರ ಮುಖ ನೋಡಿದರು, ತಪ್ಪೆಲ್ಲ ಅದರದ್ದೇ ಎಂಬ ಹಾಗೆ. ಮತ್ತೆ ಕಿವಿಗಿಟ್ಟುಕೊಂಡರು.

“ಬಿಸಿಲಲ್ಲಿ ಓಡಾಡಿದೀಯ. ನೀರು ಕುಡಿ.”

“ನೀರು ಕುಡಿದಾಯ್ತು. ನಿಮ್ಮತ್ತೆನೇ ಕೊಟ್ರು.”

ಬೀಗದ ಮೇಡಂ ಎಂಬ ಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ. ಕಲಾವಿದರಿಗೆ ಆಸರೆಯಾಗುವುದೇ ಅವರು ಕೆಲಸ ಮಾಡುವ ಸಂಸ್ಥೆಯ ಕಸುಬು. ಮಹಡಿಯಲ್ಲಿ ಸಾಲಾಗಿ ಕೋಣೆಗಳು. ಮನೆಯಲ್ಲಿ ಕೂತು ಕೆಲಸ ಮಾಡಲು ಜಾಗವಿಲ್ಲದ ಚಿತ್ರಕಾರರು, ಶಿಲ್ಪಿಗಳು, ಗೊಂಬೆ ಮಾಡುವವರು ಅರ್ಜಿ ಹಾಕಿ ಗೆದ್ದರೆ ವರ್ಷಕಾಲ ಒಂದು ಕೋಣೆ ಅವರ ಪಾಲು. ಬಾಗಿಲು, ಕಿಟಕಿ, ಉದ್ದನೆಯ ಮೇಜು, ಜೊತೆಗೆ ‘ಊಟದ ಹೊತ್ತಾಯ್ತು, ಮೇಜು ಖಾಲಿ ಮಾಡಿ’ ಎನ್ನಲು ಯಾರೂ ಇಲ್ಲದ ನೆಮ್ಮದಿ. ಆ ಕೋಣೆಗಳ ಬೀಗದ ಕೈಗಳೆಲ್ಲ ಒಂದೇ ಗೊಂಚಲಾಗಿ ಮೇಡಂ ಸೊಂಟದಲ್ಲಿ ತೂಗುತ್ತಿದ್ದವು. ಅವರು ಮೆಟ್ಟಿಲ ಬುಡದಲ್ಲಿರುವಾಗಲೇ ಮೇಲೆ ಝಣಝಣ ಕೇಳಿಸುತ್ತಿತ್ತು. ತೂಕಡಿಸುತ್ತಿದ್ದ ಚಿತ್ರಕಾರರು ಗಡಬಡಿಸಿ ಕುಂಚ ಕೈಗೆತ್ತಿಕೊಂಡು, ಗೋಡೆಯನ್ನು ದಿಟ್ಟಿಸುತ್ತ ‘ಆಳವಾಗಿ ಯೋಚಿಸ್ತಿದೀನಿ’ ಎಂಬ ಮುಖ ಮಾಡಿಕೊಳ್ಳಲು ಅಷ್ಟು ಹೊತ್ತು ಧಾರಾಳ ಸಾಕಿತ್ತು.

ಫೋನಿನ ಆ ಕಡೆ ಇದ್ದವನು ಮೇಡಂ ಸಹಾಯಕ. ಹೆಗಲಿನ ಚೀಲ ಬಿಟ್ಟು ಅವನನ್ನು ಕಂಡವರಿಲ್ಲ, ಹಾಗಾಗಿ ಜೋಳಿಗೆ. ಆಯ್ಕೆಯ ಕೊನೆಯ ಹಂತದಲ್ಲಿ ಅವನದೊಂದು ಕೆಲಸವಿತ್ತು. ಬಂದ ಕೃತಿಗಳಿಗೆ ನಂಬರು ಮಾತ್ರ, ಹೆಸರು ಅಧ್ಯಕ್ಷೆಯ ಹತ್ತಿರ ಭದ್ರ. ಹೊರಗಿನಿಂದ ಬಂದ ತೀರ್ಪುಗಾರರು ನಂಬರು ನೋಡಿಯೇ ಆರಿಸಬೇಕು. ಆರಿಸಿದ ಮೇಲೆ ಜೋಳಿಗೆ ಆ ಕಲಾವಿದರು ಕೆಲಸ ಮಾಡುವ ಜಾಗಕ್ಕೆ ಹೋಗಿ, ಕೃತಿ ನಿಜವಾಗಿ ಅವರ ಕೈಯದ್ದೇ ಎಂದು ನೋಡಿ ಬರಬೇಕು. ಇವತ್ತು ಅವನು ಹೋದದ್ದು ಏಳನೇ ನಂಬರಿನ ಮನೆಗೆ. ಮನೆಗಲ್ಲ, ಅದೇ ತಮಾಷೆ.

“ಅಡ್ರೆಸ್ಸು ಟೈಲರ್ ಅಂಗಡಿದು ಮೇಡಂ. ಹಿಂದೆ ಒಂದು ಸಣ್ಣ ರೂಮು. ಪರದೆ ಸರಿಸ್ತೀನಿ, ನಿಮ್ಮತ್ತೆ ಕತ್ತರಿ ಹಿಡ್ಕೊಂಡು ಕೂತಿದಾರೆ. ‘ಬಾರಪ್ಪ, ಚಪ್ಪಲಿ ಅಲ್ಲೇ ಬಿಡು, ಕೆಳಗೆಲ್ಲ ಗೋಂದು’ ಅಂದ್ರು.”

“ಅತ್ತೆ ಮಧ್ಯಾಹ್ನ ಪಾರ್ಕಿಗೆ ಹೋಗ್ತಾರೆ ಕಣೋ. ದಿನಾ. ಮೊಣಕಾಲಿಗೆ ಒಳ್ಳೇದು ಅಂತ.”

“ಹಾಗಾದ್ರೆ ಆ ಪಾರ್ಕಲ್ಲಿ ಹೊಲಿಗೆ ಮಷೀನ್ ಇದೆ ಮೇಡಂ.”

“ಅರ್ಜೀಲಿ ಹೆಸರು ನೋಡಿದಾಗ ಗೊತ್ತಾಗ್ಲಿಲ್ವಾ ನಿಂಗೆ?”

“ತವರುಮನೆ ಹೆಸರು ಹಾಕಿದಾರೆ. ನಿಮ್ಮತ್ತೆ ಒಂದು ಕಾಲದಲ್ಲಿ ಮಗಳಾಗಿದ್ರು ಅಂತ ನಂಗೇನು ಗೊತ್ತು?”

ಮೇಡಂ ಕುರ್ಚಿಗೆ ಕುಸಿದರು. ಸೊಂಟದ ಗೊಂಚಲೂ ಝಣ್ ಎಂದು ಕೂತಿತು. ಅವರಿಗೆ ಈಗ ಆಯ್ಕೆಯ ದಿನ ನೆನಪಾಗಿತ್ತು. ನೆನಪಾಗದಿದ್ದರೇ ಚೆನ್ನಾಗಿತ್ತು.

ಏಳನೇ ನಂಬರು ಎಂದರೆ ರಟ್ಟಿನ ಡಬ್ಬಗಳು. ಹೊರಗೆಲ್ಲ ಕಪ್ಪು ಬಣ್ಣ. ಒಳಗೆ ಇಣುಕಿದರೆ ಬೆರಳುದ್ದದ ಒಂದೊಂದು ಮನೆಕೋಣೆ. ಕುರ್ಚಿ, ಒಲೆ, ಕಿಟಕಿ, ಹಗ್ಗದ ಮೇಲೆ ಒಣಗುವ ಉಗುರಗಲದ ಬಟ್ಟೆ. ಪ್ರತಿ ಡಬ್ಬದಲ್ಲೂ ಒಬ್ಬಳು ಹೆಂಗಸು, ಕಿವಿಗೆ ಫೋನು. ಒಂದರಲ್ಲಿ ಅವಳ ಬೆನ್ನ ಹಿಂದೆ ಹಾಲು ಉಕ್ಕಿ ಒಲೆಯಿಂದ ನೆಲಕ್ಕೆ, ನೆಲದಿಂದ ಹೊಸ್ತಿಲಿಗೆ ನದಿಯಾಗಿ ಹರಿದಿತ್ತು. ಇನ್ನೊಂದರಲ್ಲಿ ಬೆಕ್ಕು ತಟ್ಟೆ ಸಮೇತ ಹೊರಟಿತ್ತು. ಮತ್ತೊಂದರಲ್ಲಿ ಚಾವಣಿಯೇ ಅರ್ಧ ಬಿದ್ದು ನಕ್ಷತ್ರ ಕಾಣುತ್ತಿದ್ದರೂ ಅವಳು ಒಂದು ಕೈ ಎತ್ತಿ ‘ಒಂದ್ನಿಮಿಷ’ ಎನ್ನುತ್ತಿದ್ದಳು. ಮೂಲೆಯಲ್ಲಿ ಗಂಡ ಇದ್ದ. ಗಂಡ ಎಂದರೆ ಬಿಚ್ಚಿದ ಪೇಪರು, ಕೆಳಗೆ ಎರಡು ಕಾಲು. ಎಲ್ಲ ಡಬ್ಬಗಳಲ್ಲೂ ಬಾಗಿಲ ಸಂದಿನಿಂದ ಒಂದು ಮುದಿ ಕೈ ಮಾತ್ರ ಚಾಚಿಕೊಂಡಿತ್ತು, ಟೀ ಕಪ್ಪು ಹಿಡಿದು.

ನಿಯಮದ ಪ್ರಕಾರ ಆವತ್ತು ಮೇಡಂ ಕೆಲಸ ತೀರ್ಪುಗಾರರಿಗೆ ಟೀ ಕೊಡುವುದು, ಬಾಯಿ ಮುಚ್ಚಿಕೊಂಡಿರುವುದು. ಟೀ ಕೊಟ್ಟರು. ಇನ್ನೊಂದು ಅವರ ಜಾತಕದಲ್ಲಿರಲಿಲ್ಲ. ತೀರ್ಪುಗಾರರು ಏಳನೇ ನಂಬರಿಗೂ ಮೂರನೇ ನಂಬರಿನ ಮರದ ಕೆತ್ತನೆಗೂ ನಡುವೆ ತೂಗುತ್ತಿದ್ದಾಗ ಮೇಡಂ ತಡೆಯಲಾರದೆ ನುಗ್ಗಿದ್ದರು.

“ಇದಕ್ಕಿಂತ ಬೇಕಾ? ಈ ಹೆಂಗಸನ್ನ ನೋಡಿ! ಇಂಥೋರು ಎಷ್ಟು ಮನೇಲಿಲ್ಲ ಹೇಳಿ! ಊರಿನ ಸಮಾಚಾರ ಎಲ್ಲ ಬೇಕು, ಒಲೆ ಮೇಲಿನ ಹಾಲು ಬೇಡ. ಪಾಪ, ಇವಳ ಮನೆಯೋರ ಗತಿ! ಈ ಕೈ ನೋಡಿ, ಕಪ್ಪು ಹಿಡಿದು ನಿಂತೇ ಇದೆ, ಇವಳು ತಿರುಗೂ ನೋಡಲ್ಲ. ಇದೇ ಕಣ್ರೀ ಇಡೀ ಕೃತಿಯ ಜೀವ.” ಆಮೇಲೆ ಡಬ್ಬದೊಳಗೆ ಚಾವಣಿಯಿಂದ ತೂಗುತ್ತಿದ್ದ ಬಿಳಿ ಕಲ್ಲಿನ ದೀಪ ತೋರಿಸಿ, “ಈ ದೀಪ! ಎಂಥ ಕುಸುರಿ! ಏನೋ, ನೋಡ್ತಿದ್ರೆ ನನ್ನದೇ ಅನ್ನಿಸುತ್ತೆ” ಎಂದಿದ್ದರು.

ಅವರದೇ ಆಗಿತ್ತು. ಕಳೆದ ವರ್ಷ ಕಳೆದುಹೋದ ಓಲೆ. ಅದಕ್ಕಾಗಿ ಹಾಸಿಗೆ ಕೊಡವಿ, ಸಿಂಕಿನ ಪೈಪು ಬಿಚ್ಚಿಸಿ, ಗಂಡನ ಮೇಲೆ ವಾರಗಟ್ಟಲೆ ಮುನಿದಿದ್ದರು. ಅತ್ತೆ ಆಗ “ಎಲ್ಲೋ ಬೆಳಗ್ತಿರುತ್ತೆ ಬಿಡೇ” ಎಂದು ಸಮಾಧಾನ ಮಾಡಿದ್ದರು.

ಮೇಡಂ ಕೈ ಬರಿದಾದ ಕಿವಿ ಮುಟ್ಟಿ ನೋಡಿತು.

“ಮೇಡಂ, ಇದೀರಾ?” ಜೋಳಿಗೆ ದನಿ ತಗ್ಗಿಸಿದ. “ಒಂದು ಮಾತು. ನಾನು ನೋಡಿಲ್ಲ. ನೀವು ಕೇಳಿಲ್ಲ. ಟೈಲರ್ ಬಾಯಿ ತುಂಬ ಯಾವಾಗ್ಲೂ ಗುಂಡುಸೂಜಿ, ಆತ ಮಾತಾಡಲ್ಲ. ಅಮ್ಮನಿಗೆ ರೂಮು ಸಿಗುತ್ತೆ, ಯಾರಿಗೂ ನಷ್ಟ ಇಲ್ಲ.”

ಒಂದು ಗಳಿಗೆ ಮೇಡಂಗೆ ಆ ಮಾತು ಬೆಲ್ಲದ ಹಾಗೆ ಇಳಿಯಿತು. ಆಮೇಲೆ ಗಂಟಲಲ್ಲಿ ಸಿಕ್ಕಿಕೊಂಡಿತು. ‘ಕೋಣೆ ಕಾರ್ಯಕ್ರಮ ನಡೆಸುವವರ ಮನೆಯವರಿಗೆ ಕೋಣೆ ಇಲ್ಲ’ ಎಂಬ ನಿಯಮ ಬರೆದು ಗೋಡೆಗೆ ಅಂಟಿಸಿದ್ದು ಅವರೇ. ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಮಹಾನುಭಾವ ಎಲ್ಲಕ್ಕಿಂತ ಬೆಳಕಿರುವ ಕೋಣೆಯನ್ನು ಭಾವಮೈದನಿಗೆ ಕೊಟ್ಟಿದ್ದ. ಭಾವಮೈದ ವರ್ಷವಿಡೀ ಅದರಲ್ಲಿ ಸ್ಕೂಟರ್ ನಿಲ್ಲಿಸಿದ್ದ. ಕೇಳಿದರೆ ಅದೂ ಕಲೆ ಎಂದಿದ್ದ.

“ಮೂರನೇ ನಂಬರಿನೋನಿಗೆ ನಷ್ಟ ಇದೆಯಲ್ಲೋ. ನಾನು ಬಾಯಿ ಹಾಕಿದೀನಿ. ಅಲ್ಲೇ ಇರು, ಬಂದೆ.”

*

ಟೈಲರ್ ಅಂಗಡಿ ಮನೆಯಿಂದ ಎರಡು ಬೀದಿ ಆಚೆ. ಟೈಲರ್ ಗುಂಡುಸೂಜಿ ಕಚ್ಚಿಕೊಂಡೇ ನಮಸ್ಕಾರ ಮಾಡಿ, ಗಲ್ಲದಿಂದ ಪರದೆಯ ಕಡೆ ತೋರಿಸಿದ. ಒಳಗೆ ಜೋಳಿಗೆ ಮೂಲೆಯ ಸ್ಟೂಲಿನ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದ. ಅತ್ತೆ ಕನ್ನಡಕ ಮೂಗಿನ ತುದಿಗಿಳಿಸಿ, ಚಿಮುಟಿಗೆಯಲ್ಲಿ ಪುಟಾಣಿ ಚೊಂಬೊಂದನ್ನು ಹಿಡಿದು ಗೋಂದಿಗೆ ಅದ್ದುತ್ತಿದ್ದರು. ಸೊಸೆಯನ್ನು ನೋಡಿ ಎದ್ದೇಳಲಿಲ್ಲ, ಗಾಬರಿಯಾಗಲಿಲ್ಲ.

“ಬಾ. ಝಣಝಣ ಕೇಳ್ದಾಗ್ಲೇ ಗೊತ್ತಾಯ್ತು. ಕೂತ್ಕೋ. ಆ ಡಬ್ಬದ ಮೇಲೆ ಬೇಡ, ಅದರಲ್ಲಿ ನಿನ್ನ ಗಂಡ ಒಣಗ್ತಿದಾನೆ.”

“ಅತ್ತೆ, ಪಾರ್ಕು?”

“ಪಾರ್ಕು ಎಲ್ಲಿಗೆ ಹೋಗುತ್ತೆ, ಅಲ್ಲೇ ಇದೆ.”

“ಮೊಣಕಾಲು?”

“ಅದೂ ಇದೆ. ಎರಡೂ.”

ಜೋಳಿಗೆ ಕೆಮ್ಮಿದ. ನಗು ಮುಚ್ಚಿಕೊಳ್ಳಲು ಅವನಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಮೇಡಂ ಗೋಡೆಯ ಕಡೆ ನೋಡಿದರು. ಡಬ್ಬಗಳು ಒಂದರ ಮೇಲೊಂದು. ಇನ್ನೂ ಬಣ್ಣ ಬಳಿಯದ ಒಂದರ ಮೇಲೆ ಅವರ ಹೊಸ ಚಪ್ಪಲಿಯ ಅಂಗಡಿಯ ಗುರುತು ಹಾಗೇ ಇತ್ತು. ಕಿಟಕಿಗಳಿಗೆ ಹಾಕಿದ್ದು ಅವರ ಹಳೇ ಫೋನಿನ ಒಡೆದ ಗಾಜು. ಬೆಕ್ಕಿನ ಮೀಸೆ ಅವರ ಹಲ್ಲುಜ್ಜುವ ಬ್ರಶ್ಶಿನದು. ಮನೆಯಲ್ಲಿ ಕಳೆದುಹೋದದ್ದೆಲ್ಲ ಇಲ್ಲಿ ಹೊಸ ಸಂಸಾರ ಹೂಡಿಕೊಂಡಿತ್ತು.

“ಇದೆಲ್ಲ ಯಾವಾಗಿಂದ?”

“ನೀನು ‘ಅತ್ತೆ, ಈ ಕಸ ತೆಗೀರಿ, ನಂಗೆ ಮೀಟಿಂಗ್ ಇದೆ’ ಅಂದೆ ನೋಡು, ಊಟದ ಮೇಜಿನ ಮೇಲಿಂದ? ಆವತ್ತು ಕಸ ಎತ್ಕೊಂಡು ಇಲ್ಲಿಗೆ ಬಂದೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅದಕ್ಕೆ ಗಿಡಾನೇ ಕಿತ್ಕೊಂಡು ಟೈಲರ್ ಅಂಗಡೀಲಿ ನೆಟ್ಟೆ.”

“ನಂಗೆ ಒಂದು ಮಾತು ಹೇಳ್ಬಹುದಿತ್ತು.”

“ಹೇಳ್ಬಹುದಿತ್ತು. ನೀನು ಒಂದು ಕೈ ಎತ್ತಿ ‘ಒಂದ್ನಿಮಿಷ’ ಅಂದೆ. ಆ ನಿಮಿಷ ಇನ್ನೂ ಮುಗಿದಿಲ್ಲ.”

“ಅತ್ತೆ, ನಾನು ನಿಜವಾಗ್ಲೂ ಅಷ್ಟೊಂದು ಫೋನಲ್ಲಿ…” ಎನ್ನುವಷ್ಟರಲ್ಲಿ ಮೇಡಂ ಫೋನು ಕುಣಿಯಿತು. ಮೂರೂ ಜನ ಅದನ್ನು ನೋಡಿದರು. ಮೇಡಂ ಅದರ ಕತ್ತು ಹಿಸುಕಿ ಮಗುಚಿ ಹಾಕಿದರು.

“ನೋಡಪ್ಪ, ನಾನು ಬಣ್ಣ ಹಚ್ಚಿ ಹೇಳಿದ್ದಲ್ಲ ಅಂತ ಸಾಕ್ಷಿ ಆಯ್ತು” ಎಂದು ಅತ್ತೆ ಜೋಳಿಗೆಗೆ ಹೇಳಿದರು. ಆಮೇಲೆ ದನಿ ಸ್ವಲ್ಪ ಮೆತ್ತಗಾಯಿತು. “ಬೇಜಾರ್ ಮಾಡ್ಕೋಬೇಡ ಕಣೇ. ಆ ಫೋನಿಂದ್ಲೇ ನಂಗೆ ಎಲ್ಲ ಗೊತ್ತಾಗಿದ್ದು. ದಿನಾ ಯಾರ್ಯಾರಿಗೋ ಹೇಳ್ತಿರ್ತೀಯಲ್ಲ, ಹೆಸರು ನೋಡಲ್ಲ, ವಯಸ್ಸು ಕೇಳಲ್ಲ, ನಾಚ್ಕೋಬೇಡಿ, ನಾನು ಕಲಾವಿದೆ ಅಂತ ಕನ್ನಡಿ ಮುಂದೆ ನಿಂತು ಗಟ್ಟಿಯಾಗಿ ಹೇಳಿ ಅಂತ. ಬಾಗಿಲ ಹತ್ರ ಟೀ ಹಿಡ್ಕೊಂಡು ಕೇಳಿಸ್ಕೊಂಡೆ. ಹೇಳಿದೆ. ಟೈಲರ್ ಕನ್ನಡಿ ಮುಂದೆ. ಅಂಗಡೀಲಿ ಗಿರಾಕಿ ಇದ್ರು, ಸ್ವಲ್ಪ ಗಾಬರಿಯಾದ್ರು, ಅಷ್ಟೆ.”

ಪರದೆಯ ಆಚೆಯಿಂದ “ಪ್ಯಾಂಟ್ ಬಿಟ್ಟು ಓಡಿಹೋದ್ರು, ಅಕ್ಕ” ಎಂದು ಟೈಲರ್ ಸೂಜಿ ತೆಗೆದು ಸೇರಿಸಿದ.

ಮೇಡಂಗೆ ನಗು ಬಂತು. ಆದರೂ ನಿಯಮ ಹೇಳಲೇಬೇಕಿತ್ತು. ಹೇಳಿದರು. ಗೋಡೆಗೆ ಅಂಟಿಸಿದ್ದು, ಸ್ಕೂಟರ್ ಕಥೆ, ತಾವು ಟೀ ಕೊಡುವುದು ಬಿಟ್ಟು ಭಾಷಣ ಬಿಗಿದದ್ದು, ಎಲ್ಲ. ಅತ್ತೆ ಕೇಳುತ್ತ ಕೇಳುತ್ತ ಪುಟಾಣಿ ಚೊಂಬನ್ನು ಕೆಳಗಿಟ್ಟರು.

“ಅಂದ್ರೆ ನಂಗೆ ರೂಮಿಲ್ಲ.”

“ಮನೇಲಿ ನನ್ನ ಆಫೀಸ್ ರೂಮಿದೆಯಲ್ಲ, ಅದು ತಗೊಳ್ಳಿ. ಇವತ್ತೇ ಖಾಲಿ ಮಾಡ್ತೀನಿ. ಕಿಟಕಿ ಇದೆ, ಬಾಗಿಲಿದೆ…”

“ಬೇಡ.”

“ಅತ್ತೆ…”

“ಬೇಡ ಅಂದೆ. ಸೊಸೆ ಕೊಟ್ಟ ರೂಮು ಸೊಸೆ ಕೊಟ್ಟ ರೂಮೇ. ನಾಳೆ ನಿಮ್ಮ ದೊಡ್ಡಪ್ಪ ಬಂದ್ರೆ ಅದು ಮಲಗೋ ರೂಮಾಗುತ್ತೆ. ನಾನು ಗೆದ್ದಿದ್ದೀನಿ. ಹೆಸರಿಲ್ದೇ, ಮುಖ ಇಲ್ದೇ, ಯಾರ ಅತ್ತೆನೂ ಆಗದೇ ಗೆದ್ದಿದೀನಿ. ಈ ವಯಸ್ಸಿಗೆ ನಂಗೆ ಬೇಕಾಗಿರೋದು ಅದು.” ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅದು ಮೊದಲೇ ಸ್ವಚ್ಛವಾಗಿತ್ತು. “ಇಲ್ಲಿ ಬೇರೆ ಮುಂದಿನ ತಿಂಗಳು ಗುಂಡಿಗೆ ಕಾಜಾ ಹಾಕೋ ಮಷೀನು ಬರ್ತಿದೆ. ಪಾಪ, ಇವನಿಗೂ ಜಾಗ ಬೇಕು.”

ಪರದೆಯ ಆಚೆ ಹೊಲಿಗೆ ಮಷೀನು ನಿಂತುಹೋಯಿತು. ಟೈಲರ್ ಸುಮ್ಮನೆ ಒಂದು ನಿಟ್ಟುಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

ಮೇಡಂ ಎದುರಿನ ಡಬ್ಬದೊಳಗೆ ಇಣುಕಿದರು. ಬಾಗಿಲ ಸಂದಿನ ಕೈ. ದಿನಾ ಫೋನಿನ ಪಕ್ಕದಲ್ಲಿ ಟೀ ತಾನಾಗಿಯೇ ಮೊಳೆಯುತ್ತದೆ ಎಂಬಂತೆ ಕುಡಿದು, ಕಪ್ಪನ್ನು ಅಲ್ಲೇ ಬಿಟ್ಟು ಎದ್ದುಹೋದದ್ದೆಷ್ಟು ಸಲ. ತೀರ್ಪುಗಾರರ ಮುಂದೆ ‘ಇದೇ ಕೃತಿಯ ಜೀವ’ ಎಂದ ಬಾಯಿ ಮನೆಯಲ್ಲಿ ಒಂದು ದಿನ ‘ಕೊಡಿ ಅತ್ತೆ’ ಎಂದಿರಲಿಲ್ಲ. ಅವರು ಮಗುಚಿ ಹಾಕಿದ್ದ ಫೋನನ್ನು ಎತ್ತಿಕೊಂಡರು.

“ಮತ್ತೆ ಶುರು” ಎಂದರು ಅತ್ತೆ.

“ಇದೊಂದು ನಿಮಗೋಸ್ಕರ. ಗಟ್ಟಿಯಾಗೇ ಕೇಳಿಸ್ಕೊಳ್ಳಿ.”

*

ಸಂಸ್ಥೆಯ ಅಧ್ಯಕ್ಷೆ ಹರೆಯದಲ್ಲಿ ರಂಗದ ಮೇಲೆ ರಾಣಿಯಾಗಿ ಮೆರೆದವರು. ಪಿಸುಗುಟ್ಟಿದರೂ ಕೊನೇ ಸಾಲಿಗೆ ಕೇಳಿಸುವ ಗಂಟಲು. ಹಾಗಾಗಿ ಫೋನಿನಲ್ಲಿ ಅವರು ಆಡಿದ್ದನ್ನು ಜೋಳಿಗೆ, ಅತ್ತೆ, ಟೈಲರ್, ಬಟ್ಟೆ ಅಳತೆಗೆ ಬಂದಿದ್ದ ಒಬ್ಬರು, ಎಲ್ಲರೂ ಸ್ಪಷ್ಟವಾಗಿ ಕೇಳಿಸಿಕೊಂಡರು. ಮೊದಲು ಬಂದದ್ದು ನಗು, ಮೂರು ಅಂಕದ ನಗು.

“ಅಂದ್ರೆ, ಆ ಫೋನ್ ಹೆಂಗಸು ನೀನೇನಾ?”

“ಹೌದು ಮೇಡಂ.”

“ನಂಗೆ ಆವತ್ತೇ ಅನುಮಾನ ಇತ್ತು. ಸೊಂಟದಲ್ಲಿ ಗೊಂಚಲು ಇಟ್ಟಿದ್ರಲ್ಲ, ಸಾಸಿವೆ ಕಾಳಷ್ಟು.”

ಮೇಡಂ ಡಬ್ಬದೊಳಗೆ ಮತ್ತೆ ಇಣುಕಿದರು. ಹೌದು, ಇತ್ತು.

“ನೋಡಮ್ಮ ಬೀಗ,” ಅಧ್ಯಕ್ಷೆಯ ದನಿ ಈಗ ರಾಣಿಯದಲ್ಲ, ನ್ಯಾಯಾಧೀಶೆಯದು. “ನೀನು ಬಾಯಿ ಹಾಕದೇ ಇದ್ದಿದ್ರೆ ನಿಮ್ಮತ್ತೆ ತಮ್ಮಷ್ಟಕ್ಕೆ ಗೆಲ್ತಿದ್ರೋ ಸೋಲ್ತಿದ್ರೋ, ಈಗ ಹೇಗೆ ಗೊತ್ತಾಗುತ್ತೆ? ಆಯ್ಕೆ ಕೆಡಿಸಿದ್ದು ಅವರಲ್ಲ, ನೀನು. ತೀರ್ಪುಗಾರರನ್ನ ಮತ್ತೆ ಕರೆಸ್ತೀನಿ. ಮೂರು, ಏಳು, ಎರಡನ್ನೂ ಹೊಸದಾಗಿ ನೋಡ್ಲಿ. ಅವರಿಗೆ ಹೆಸರು ಇನ್ನೂ ಹೇಳಿಲ್ಲ, ಹೇಳೋದೂ ಇಲ್ಲ.”

“ನೋಡಿ ಮತ್ತೆ ಏಳನೇ ನಂಬರನ್ನೇ ಆರಿಸಿದ್ರೆ? ನಿಯಮ ಇದೆಯಲ್ಲ.”

“ಇದೆ. ಕಾರ್ಯಕ್ರಮ ನಡೆಸೋರ ಮನೆಯೋರಿಗೆ ಕೋಣೆ ಇಲ್ಲ. ನೀನು ನಡೆಸ್ತಿದ್ರೆ ಅವರಿಗಿಲ್ಲ. ಇಷ್ಟೇ ಲೆಕ್ಕ. ಕಲಾವಿದರ ಮಕ್ಕಳನ್ನ ನೋಡ್ಕೊಳ್ಳೋ ವಿಭಾಗಕ್ಕೆ ಯಾರೂ ಸಿಕ್ತಿಲ್ಲ, ಗೊತ್ತಲ್ಲ? ಒಂದು ವರ್ಷ ಅಲ್ಲಿಗೆ ಹೋಗ್ತೀಯಾ?”

ಮೇಡಂ ಕೈ ತಾನಾಗಿ ಗೊಂಚಲಿನ ಮೇಲೆ ಹೋಯಿತು. ಕೋಣೆಗಳ ಕಾರ್ಯಕ್ರಮ ಅವರು ಹೆತ್ತದ್ದಲ್ಲದಿದ್ದರೂ ಎತ್ತಿ ಆಡಿಸಿದ್ದು. ಯಾವ ಬೀಗಕ್ಕೆ ಸ್ವಲ್ಪ ಎಣ್ಣೆ ಬೇಕು, ಯಾವ ಬಾಗಿಲನ್ನು ಮೊಣಕೈಯಲ್ಲಿ ಗುದ್ದಬೇಕು, ಯಾವ ಚಿತ್ರಕಾರನನ್ನು ಬೈದರೆ ಕೆಲಸ ಮಾಡುತ್ತಾನೆ, ಯಾರನ್ನು ಹೊಗಳಿದರೆ ಕೆಟ್ಟುಹೋಗುತ್ತಾರೆ, ಎಲ್ಲ ಬೆರಳ ತುದಿಯಲ್ಲಿತ್ತು. ಮಕ್ಕಳ ವಿಭಾಗ ಎಂದರೆ ಅಳು, ಮೂಗು, ಗೋಡೆಯ ಮೇಲೆ ಬಣ್ಣದ ಕೈಗುರುತು. ಅದೂ ಗ್ಯಾರಂಟಿಯೇನಿಲ್ಲ. ಗೊಂಚಲು ಇವತ್ತು ಹೋಗುತ್ತದೆ, ನಾಳೆ ತೀರ್ಪುಗಾರರು ಮರದ ಕೆತ್ತನೆಯನ್ನೇ ಎತ್ತಿಹಿಡಿದರೆ ಅತ್ತೆಗೆ ಕೋಣೆಯೂ ಇಲ್ಲ, ಸೊಸೆಗೆ ಬೀಗವೂ ಇಲ್ಲ.

“ಬೇಡ ಕಣೇ,” ಅತ್ತೆ ಕೈ ಆಡಿಸಿ ಪಿಸುಗುಟ್ಟಿದರು. “ಆ ಝಣಝಣ ಇಲ್ದೇ ನೀನು ಮನೆಗೆ ಬಂದ್ರೆ ಕಳ್ಳರು ಅಂದ್ಕೋತೀನಿ.”

ಮೇಡಂ ಒಂದು ಕೈ ಎತ್ತಿದರು. ಅತ್ತೆಗೆ ‘ಒಂದ್ನಿಮಿಷ’ ಎನ್ನಲು ಎತ್ತಿದ ಕೈ ಅರ್ಧಕ್ಕೇ ನಿಂತು, ನಾಚಿ, ಕೆಳಗಿಳಿದು, ಸೊಂಟದಿಂದ ಗೊಂಚಲು ಬಿಚ್ಚಿತು.

“ಹೋಗ್ತೀನಿ ಮೇಡಂ. ಬೀಗದ ಕೈ ಜೋಳಿಗೆಗೆ ಕೊಡ್ತಿದೀನಿ.”

ಜೋಳಿಗೆ ಸ್ಟೂಲಿನಿಂದ ಬೀಳುವುದೊಂದು ಬಾಕಿ. ಗೊಂಚಲು ಅವನ ಚೀಲದೊಳಗೆ ಬಿದ್ದ ಸದ್ದಿಗೆ ಹೆಗಲು ಒಂದು ಕಡೆ ವಾಲಿತು.

“ಮೇಡಂ, ಇಷ್ಟು ಭಾರಾನಾ?”

“ಅಭ್ಯಾಸ ಆಗುತ್ತೆ. ಕೊನೇ ಕೋಣೆ ಬೀಗ ಎಡಕ್ಕೆ ತಿರುಗಿಸ್ಬೇಕು. ಮತ್ತೆ ಮೆಟ್ಟಿಲಲ್ಲಿ ಸದ್ದು ಮಾಡ್ಕೊಂಡು ಹೋಗು. ಪಾಪ, ಅವರಿಗೆ ಎದ್ದೇಳೋಕೆ ಹೊತ್ತು ಬೇಕು.”

“ಅಂದ್ರೆ ಅವರು ಮಲ್ಗಿರ್ತಾರೆ ಅಂತ ನಿಮ್ಗೆ ಗೊತ್ತಿತ್ತಾ?”

“ಮತ್ತೆ? ನಾನು ಗೊಂಚಲನ್ನ ಅಷ್ಟು ಜೋರಾಗಿ ಅಲ್ಲಾಡಿಸ್ತಿದ್ದಿದ್ದು ಯಾಕೆ?”

ಫೋನಿನಿಂದ ಅಧ್ಯಕ್ಷೆ ಇನ್ನೂ ಹೋಗಿರಲಿಲ್ಲ. “ನಾಳೆ ಹನ್ನೊಂದು ಗಂಟೆ. ತೀರ್ಪುಗಾರರು ಒಳಗೆ. ನೀನು ಹೊರಗೆ ಬೆಂಚ್ ಮೇಲೆ. ಟೀ ಕೂಡ ನೀನು ಕೊಡ್ಬೇಡ, ಟೀ ಜೊತೆ ನಿನ್ನ ಬಾಯೂ ಬರುತ್ತೆ. ಫೋನು ಆಫ್. ಮತ್ತೆ ನಿಮ್ಮತ್ತೆ ಬರ್ಲಿ, ಅವರೂ ಬೆಂಚ್ ಮೇಲೆ. ತೀರ್ಪು ಆದ್ಮೇಲೆ ನಾನು ಅವರ ಮುಖ ನೋಡ್ಬೇಕು.”

*

ಸಂಜೆ ಮನೆಗೆ ಬಂದಾಗ ಗಂಡ ಪೇಪರಿನ ಹಿಂದೆ ಇದ್ದರು. ಮೇಡಂ ಎದುರು ನಿಂತು ಕೇಳಿದರು, “ನಿಮ್ಗೆ ಗೊತ್ತಿತ್ತಲ್ವಾ?”

ಪೇಪರು ಇನ್ನಷ್ಟು ಮೇಲಕ್ಕೇರಿತು. “ಗೋಂದು ತಂದುಕೊಡ್ತಿದ್ದೆ, ಅಷ್ಟೆ.”

“ನನ್ನ ಓಲೆ?”

“ಅದು ನಿನ್ನ ದಿಂಬಿನ ಕೆಳಗೆ ಸಿಕ್ತು. ಅಮ್ಮ ‘ಒಂದು ದೀಪ ಬೇಕಿತ್ತು ಕಣೋ’ ಅಂದ್ರು. ಇಬ್ಬರಲ್ಲಿ ಯಾರಿಗೆ ಹೆದರ್ಬೇಕು ಅಂತ ಯೋಚನೆ ಮಾಡ್ದೆ.” ಪೇಪರಿನ ಅಂಚಿನಿಂದ ಒಂದು ಕಣ್ಣು ಕಂಡಿತು. “ನಾನೇನು ಬೇಜಾರ್ ಮಾಡ್ಕೊಂಡ್ನಾ? ನಂಗೆ ತಲೆನೇ ಇಟ್ಟಿಲ್ಲ.”

ಅಡುಗೆಮನೆಯಲ್ಲಿ ಮೇಡಂ ತಾವೇ ಟೀ ಮಾಡಿದರು. ಒಲೆಯ ಮುಂದೆ ಕೈ ಕಟ್ಟಿ ನಿಂತು, ಹಾಲನ್ನು ಪರೀಕ್ಷೆಯ ಮೇಲ್ವಿಚಾರಕರ ಹಾಗೆ ಕಾದರು. ಕಪ್ಪು ಹಿಡಿದು ಅತ್ತೆಯ ಕೋಣೆಯ ಬಾಗಿಲ ಸಂದಿನಿಂದ ಕೈ ಚಾಚಿದರು. ಅತ್ತೆ ಮಂಚದ ಮೇಲೆ ಸೀರೆಗಳನ್ನು ಹರಡಿಕೊಂಡು, ಕಲಾವಿದೆಯಾಗಿ ಕಾಣಲು ಯಾವುದು ಸರಿ ಎಂದು ಒಂದೊಂದನ್ನೇ ಹೆಗಲಿಗಿಟ್ಟು ನೋಡುತ್ತಿದ್ದರು. ಕೈ ಕಂಡು ತಿರುಗಿದರು.

“ಒಂದ್ನಿಮಿಷ,” ಎಂದರು ಅತ್ತೆ, ಕೈ ಎತ್ತಿ.

ಮೇಡಂ ನಿಂತರು. ಕಾದರು. ಅತ್ತೆ ಬೇಕೆಂದೇ ಇನ್ನೊಂದು ಸೀರೆ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

“ಕೈ ನೋಯ್ತಿದೆ ಅತ್ತೆ.”

“ಗೊತ್ತು ಕಣೇ, ನೋಯುತ್ತೆ.” ಅತ್ತೆ ಕಪ್ಪು ತೆಗೆದುಕೊಂಡು ಒಂದು ಗುಟುಕು ಕುಡಿದು ಮುಖ ಕಿವಿಚಿದರು. “ಸಕ್ಕರೆ ಮರೆತಿದೀಯ. ಇರ್ಲಿ. ನಾಳೆ ಸೋತ್ರೆ ಏನ್ ಮಾಡೋದು?”

“ಮುಂದಿನ ವರ್ಷ ಮತ್ತೆ ಹಾಕಿ. ಆಗ್ಲೂ ನಾನು ಬೀಗದ ಮೇಡಂ ಆಗಿರಲ್ಲ.”

“ಗೆದ್ರೆ?”

“ಗೆದ್ರೆ ಬೀಗದ ಕೈಗೆ ಜೋಳಿಗೆ ಹತ್ರ ಹೋಗಿ ಕೇಳ್ಬೇಕು. ಅವನು ಎಡಕ್ಕೆ ತಿರುಗ್ಸೋದು ಮರೆತಿರ್ತಾನೆ.”

ಅತ್ತೆ ನಕ್ಕರು. ಆಮೇಲೆ ನಿಜವಾದ ಚಿಂತೆಯೊಂದು ಹೊಳೆದವರ ಹಾಗೆ ಕಪ್ಪು ಕೆಳಗಿಟ್ಟರು.

“ಅಲ್ವೇ, ನಾಳೆ ಅವರು ಒಳಗೆ ಎಷ್ಟು ಹೊತ್ತು ಮಾಡ್ತಾರೋ ಏನೋ. ಬೆಂಚ್ ಮೇಲೆ ನಾವಿಬ್ರೇ. ಫೋನ್ ಬೇರೆ ಆಫ್. ನನ್ನ ಜೊತೆ ಅಷ್ಟು ಹೊತ್ತು ಏನ್ ಮಾತಾಡ್ತೀಯ?”

ಮೇಡಂ ಕೈ ಅಭ್ಯಾಸಬಲದಿಂದ ಸೊಂಟದಲ್ಲಿ ಗೊಂಚಲು ತಡಕಿತು, ಅಲ್ಲಿ ಗೊಂಚಲಿರಲಿಲ್ಲ.

“ಯೋಚನೆ ಮಾಡ್ಕೊಂಡು ಬಾ,” ಎಂದರು ಅತ್ತೆ, ನೀಲಿ ಸೀರೆಯನ್ನು ಹೆಗಲಿಗಿಟ್ಟು. “ಹತ್ತಕ್ಕೆ ಹೊರಡೋಣ. ಹನ್ನೊಂದು ಅಂದ್ರೆ ಹನ್ನೊಂದಕ್ಕೆ ಬೆಂಚ್ ಮೇಲಿರ್ಬೇಕು.”